ಮಗಳ ಮನೆಯ ದಾರಿ: ಗಡಿನಾಡಿನಿಂದ ಶ್ರೀಶೈಲಕ್ಕೆ ಪಾದಯಾತ್ರೆ

ದ್ವಾದಶ ಜ್ಯೋತಿರ್ಲಿಂಗಗಳಲ್ಲಿ ಒಂದಾದ ಶ್ರೀಶೈಲ ಮಲ್ಲಿಕಾರ್ಜುನ ಸ್ವಾಮಿಗೂ, ಕೊಲ್ಲಾಪುರ ಜಿಲ್ಲೆಯ ಗಡಹಿಂಗ್ಲಜ, ಇಚಲಕರಂಜಿ ಭಾಗದ ಕನ್ನಡ ಭಕ್ತರಿಗೂ ಇರುವ ಸಂಬಂಧ ಇಂದು ನಿನ್ನೆಯದಲ್ಲ. ಶಿವರಾತ್ರಿ ಮುಗಿದು ಹೋಳಿ ಹುಣ್ಣಿಮೆ ಹತ್ತಿರ ಬರುತ್ತಿದ್ದಂತೆ ಕೊಲ್ಲಾಪುರ, ಸಾಂಗಲಿ, ಸೊಲ್ಲಾಪುರ, ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಿಂದ ಭಕ್ತರು ತಂಡ ತಂಡವಾಗಿ ಪೂರ್ವಾಭಿಮುಖವಾಗಿ ನಡೆಯತೊಡಗುತ್ತಾರೆ. ಯುಗಾದಿಯ ವೇಳೆಗೆ ಶ್ರೀಶೈಲವನ್ನು ಮುಟ್ಟುವುದು ಅವರ ಸಂಕಲ್ಪ. ಗಡಹಿಂಗ್ಲಜದಿಂದ ಶ್ರೀಶೈಲಕ್ಕೆ ಐನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ದಿನಕ್ಕೆ ಮೂವತ್ತು ಕಿಲೋಮೀಟರಿನಂತೆ ನಡೆದರೂ ಹದಿನೆಂಟು ಇಪ್ಪತ್ತು ದಿನ ಬೇಕು.

ಈ ಸಂಬಂಧವನ್ನು ಹಿರಿಯರು ಬೀಗತನವೆಂದೇ ಭಾವಿಸಿದ್ದಾರೆ. ಶ್ರೀಶೈಲದ ಭ್ರಮರಾಂಬಾ ದೇವಿ ಕನ್ನಡ ನಾಡಿನ ಮಗಳು, ಮಲ್ಲಯ್ಯ ಮನೆಯ ಅಳಿಯ ಎಂಬುದು ಇಲ್ಲಿಯ ಭಕ್ತರ ನಂಬಿಗೆ. ಯುಗಾದಿ ಹಬ್ಬಕ್ಕೆ ಮಗಳನ್ನು ಕಾಣಲು ಹೋಗುವವರು ಬರಿಗೈಯಲ್ಲಿ ಹೋಗುವಂತಿಲ್ಲ. ಆದುದರಿಂದ ಸೀರೆ, ಕುಪ್ಪಸ, ಬಳೆ, ಅರಿಷಿಣ, ಕುಂಕುಮಗಳನ್ನು ತವರಿನ ಉಡುಗೊರೆಯಾಗಿ ಒಯ್ಯುತ್ತಾರೆ. ಅತ್ತ ನಲ್ಲಮಲ ಅರಣ್ಯದ ಚೆಂಚು ಜನರೂ ತಮ್ಮ ಕುಲದ ಕನ್ಯೆಯನ್ನು ವರಿಸಿದವನೆಂದು ದೇವರನ್ನು ‘ಚೆಂಚು ಮಲ್ಲಯ್ಯ’ ಎಂದು ಕರೆದು ಅಳಿಯನ ಮರ್ಯಾದೆ ಕೊಡುತ್ತಾರೆ. ಅಷ್ಟಾದಶ ಶಕ್ತಿಪೀಠಗಳ ಎಣಿಕೆಯಲ್ಲಿ ಕೊಲ್ಲಾಪುರದ ಮಹಾಲಕ್ಷ್ಮಿಯೂ ಶ್ರೀಶೈಲದ ಭ್ರಮರಾಂಬೆಯೂ ಸೇರಿದ್ದಾರೆ. ಹೀಗಾಗಿ ಕೊಲ್ಲಾಪುರ ಸೀಮೆಯ ಭಕ್ತನಿಗೆ ಈ ಯಾತ್ರೆ ಒಂದು ಶಕ್ತಿಪೀಠದ ನೆಲದಿಂದ ಇನ್ನೊಂದು ಶಕ್ತಿಪೀಠಕ್ಕೆ ಹೋಗುವ ಯಾತ್ರೆಯೂ ಹೌದು.

ಈ ದಾರಿಯನ್ನು ತುಳಿದವರಲ್ಲಿ ಮೊದಲು ನೆನೆಯಬೇಕಾದವರು ಸೊನ್ನಲಿಗೆ ಎಂದರೆ ಇಂದಿನ ಸೊಲ್ಲಾಪುರದ ಶಿವಯೋಗಿ ಸಿದ್ಧರಾಮೇಶ್ವರರು. ಕವಿ ರಾಘವಾಂಕನು ‘ಸಿದ್ಧರಾಮ ಚಾರಿತ್ರ’ದಲ್ಲಿ ಈ ಕಥೆಯನ್ನು ಹೇಳಿದ್ದಾನೆ. ಮುದ್ದುಗೌಡ, ಸುಗ್ಗವ್ವೆಯರ ಮಗನಾದ ಬಾಲಕ ಸಿದ್ಧರಾಮ ದನ ಕಾಯುತ್ತಿದ್ದಾಗ ಮಲ್ಲಯ್ಯನು ಜಂಗಮ ರೂಪದಲ್ಲಿ ಬಂದು ಹಸಿವೆಂದನು. ಬಾಲಕನು ಮನೆಗೆ ಓಡಿಹೋಗಿ ಉಣಿಸು ತರುವಷ್ಟರಲ್ಲಿ ಜಂಗಮ ಅಲ್ಲಿರಲಿಲ್ಲ. ‘ಮಲ್ಲಯ್ಯಾ, ಮಲ್ಲಯ್ಯಾ’ ಎಂದು ಅಳುತ್ತ ಹುಡುಕಿದ ಬಾಲಕನಿಗೆ ಶ್ರೀಶೈಲಕ್ಕೆ ಹೊರಟ ಯಾತ್ರಿಕರು ಸಿಕ್ಕರು. ಮಲ್ಲಯ್ಯನನ್ನು ತೋರಿಸುತ್ತೇವೆಂದರು. ಹುಡುಗ ಅವರ ಬೆನ್ನು ಹತ್ತಿ ನಡೆದೇಬಿಟ್ಟನು. ಶ್ರೀಶೈಲದಲ್ಲಿ ಲಿಂಗವನ್ನು ತೋರಿಸಿದಾಗ ತಾನು ಕಂಡ ಮಲ್ಲಯ್ಯ ಇವನಲ್ಲವೆಂದು ಬೆಟ್ಟವೆಲ್ಲ ಅಲೆದು, ಕೊನೆಗೆ ಆಳವಾದ ಕಮರಿಗೆ ಹಾರಲು ಹೊರಟಾಗ ಸ್ವಾಮಿಯೇ ಕೈ ಹಿಡಿದು ನಿಲ್ಲಿಸಿದನು.

ಈ ಕಥೆಯ ಮುಂದಿನ ಭಾಗವನ್ನು ಭಕ್ತರು ವಿಶೇಷವಾಗಿ ಗಮನಿಸಬೇಕು. ಸ್ವಾಮಿಯು ಬಾಲಕನನ್ನು ಬೆಟ್ಟದಲ್ಲಿ ಉಳಿಸಿಕೊಳ್ಳಲಿಲ್ಲ. ಸೊನ್ನಲಿಗೆಗೆ ಹಿಂತಿರುಗಿ ಅದನ್ನೇ ಶ್ರೀಶೈಲ ಮಾಡೆಂದು ಅಪ್ಪಣೆ ಕೊಟ್ಟನು. ಸಿದ್ಧರಾಮರು ಊರಿಗೆ ಬಂದು ಗುಡಿ ಕಟ್ಟಿದರು, ಕೆರೆ ತೋಡಿಸಿದರು, ಅರವತ್ತೆಂಟು ಲಿಂಗಗಳನ್ನು ಸ್ಥಾಪಿಸಿದರು. ಸೊನ್ನಲಿಗೆ ಅಭಿನವ ಶ್ರೀಶೈಲವಾಯಿತು. ಮುಹೂರ್ತವಿಲ್ಲದೆ, ಬುತ್ತಿ ಕಟ್ಟಿಕೊಳ್ಳದೆ ಹೊರಟ ಒಬ್ಬ ಬಾಲಕನ ನಡಿಗೆಯ ಫಲವಿದು.

ಹನ್ನೆರಡನೆಯ ಶತಮಾನದಲ್ಲಿಯೇ ಅಕ್ಕಮಹಾದೇವಿಯವರು ಉಡುತಡಿಯಿಂದ ಕಲ್ಯಾಣಕ್ಕೆ ಬಂದು, ಅಲ್ಲಿಂದ ಶ್ರೀಶೈಲದ ಕದಳಿಗೆ ನಡೆದರು. ಹದಿಮೂರನೆಯ ಶತಮಾನದ ಪಾಲ್ಕುರಿಕೆ ಸೋಮನಾಥನು ತೆಲುಗಿನ ‘ಪಂಡಿತಾರಾಧ್ಯ ಚರಿತ್ರ’ದಲ್ಲಿ ಶ್ರೀಶೈಲ ಪರ್ವತವನ್ನು ಏರುವ ಯಾತ್ರಿಕರನ್ನು ವಿಸ್ತಾರವಾಗಿ ವರ್ಣಿಸಿದ್ದಾನೆ. ಅದೇ ಕಾಲದಲ್ಲಿ ಕೊಲ್ಲಾಪುರ ಸೀಮೆಯನ್ನು ಆಳಿದ ಶಿಲಾಹಾರರ ಶಾಸನಗಳಲ್ಲಿ ಕನ್ನಡದವು ಬಹಳ. ಮಹಾಲಕ್ಷ್ಮಿ ಗುಡಿಯಲ್ಲಿಯೂ, ಶಿರೋಳ ತಾಲೂಕಿನ ಖಿದ್ರಾಪುರದ ಕೋಪೇಶ್ವರ ದೇವಾಲಯದಲ್ಲಿಯೂ ಕನ್ನಡ ಶಾಸನಗಳನ್ನು ಇಂದಿಗೂ ಕಾಣಬಹುದು.

ನಡೆದು ಬರುವವರ ಕಷ್ಟವನ್ನು ಅರಿತು ಅರಸರೂ ಸೇವೆ ಸಲ್ಲಿಸಿದರು. ಹದಿನಾಲ್ಕನೆಯ ಶತಮಾನದಲ್ಲಿ ಪ್ರೋಲಯ ವೇಮಾರೆಡ್ಡಿಯು ಶ್ರೀಶೈಲದಲ್ಲಿ ಮೆಟ್ಟಿಲು ಕಟ್ಟಿಸಿದನು. 1393ರಲ್ಲಿ ವಿಜಯನಗರದ ಎರಡನೆಯ ಹರಿಹರನ ರಾಣಿ ವಿಠ್ಠಲಾಂಬೆಯು ಕೃಷ್ಣಾ ನದಿಯಿಂದ ಗುಡಿಯವರೆಗೆ ಸೋಪಾನ ಕಟ್ಟಿಸಿದಳು. 1677ರಲ್ಲಿ ದಕ್ಷಿಣ ದಿಗ್ವಿಜಯಕ್ಕೆ ಹೊರಟ ಛತ್ರಪತಿ ಶಿವಾಜಿ ಮಹಾರಾಜರು ಶ್ರೀಶೈಲದಲ್ಲಿ ತಂಗಿದ್ದರು. ಉತ್ತರದ ಗೋಪುರ ಅವರ ಹೆಸರಿನಲ್ಲಿದೆ.

ಇನ್ನು ದಾರಿಯ ವಿಚಾರ. ಗಡಹಿಂಗ್ಲಜದಿಂದ ಹೊರಟವರಿಗೆ ಸಂಕೇಶ್ವರ, ಗೋಕಾಕ, ಲೋಕಾಪುರ, ಬಾಗಲಕೋಟೆ, ಸೀರೆಗೆ ಹೆಸರಾದ ಇಲಕಲ್ಲ, ಲಿಂಗಸುಗೂರು, ರಾಯಚೂರು ಹೀಗೆ ಊರುಗಳು ಬರುತ್ತವೆ. ಮುಂದೆ ಐಜ, ಆಲಂಪುರ ಸೀಮೆಯನ್ನು ಹಾಯ್ದು ಕರ್ನೂಲು, ಅಲ್ಲಿಂದ ಆತ್ಮಕೂರು. ಇಚಲಕರಂಜಿಯವರು ಚಿಕ್ಕೋಡಿ ಸೀಮೆಯಿಂದ ಇದೇ ದಾರಿ ಸೇರುತ್ತಾರೆ. ನೀರಿಗೂ ಇದೇ ದಿಕ್ಕು. ಇಚಲಕರಂಜಿಯ ಪಂಚಗಂಗೆ ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ. ಗಡಹಿಂಗ್ಲಜದ ಹಿರಣ್ಯಕೇಶಿ ಘಟಪ್ರಭೆಯ ಮೂಲಕ ಕೃಷ್ಣೆಯನ್ನೇ ಸೇರುತ್ತಾಳೆ. ಭಕ್ತರು ಘಟಪ್ರಭೆ, ಮಲಪ್ರಭೆ, ತುಂಗಭದ್ರೆಗಳನ್ನು ದಾಟುತ್ತ ಕೃಷ್ಣೆಯನ್ನು ಎಡಕ್ಕೆ ಇಟ್ಟುಕೊಂಡು ನಡೆಯುತ್ತಾರೆ. ಶ್ರೀಶೈಲದ ಬುಡದಲ್ಲಿ ಪಾತಾಳಗಂಗೆ ಎಂಬ ಹೆಸರಿನಿಂದ ಹರಿಯುವವಳು ಅದೇ ಕೃಷ್ಣೆ. ತಮ್ಮ ಊರ ಹೊಳೆಯ ನೀರಿನಲ್ಲಿಯೇ ಅಲ್ಲಿಯೂ ಸ್ನಾನ ಮಾಡುವ ಭಾಗ್ಯ ಇಲ್ಲಿಯ ಭಕ್ತರದು.

ಸ್ವಾತಂತ್ರ್ಯಕ್ಕೆ ಮೊದಲು ಈ ನಡಿಗೆ ಎಷ್ಟು ರಾಜ್ಯಗಳನ್ನು ಹಾಯುತ್ತಿತ್ತೆಂಬುದು ಇಂದಿನ ತರುಣರಿಗೆ ತಿಳಿದಿರಲಿಕ್ಕಿಲ್ಲ. ಗಡಹಿಂಗ್ಲಜ ಕೊಲ್ಲಾಪುರ ಸಂಸ್ಥಾನದ್ದು. ಸಂಕೇಶ್ವರ, ಗೋಕಾಕ ಮುಂಬಯಿ ಪ್ರಾಂತದವು. ಮುಧೋಳ ಘೋರ್ಪಡೆಯವರ ಸಂಸ್ಥಾನ. ಬಾಗಲಕೋಟೆ, ಇಲಕಲ್ಲಗಳಲ್ಲಿ ಮತ್ತೆ ಮುಂಬಯಿ ಸರಕಾರ. ಲಿಂಗಸುಗೂರಿನಿಂದ ಆಲಂಪುರದವರೆಗೆ ಹೈದರಾಬಾದ ನಿಜಾಮರ ಆಳ್ವಿಕೆ. ಕರ್ನೂಲು ಮದರಾಸು ಪ್ರಾಂತಕ್ಕೆ ಸೇರಿದ್ದಿತು. ನಿಜಾಮ ರಾಜ್ಯದ ಗಡಿಯಲ್ಲಿ ಕರೋಡಗಿರಿ ಎಂಬ ಸುಂಕದ ನಾಕೆ. ಅಲ್ಲಿ ಬ್ರಿಟಿಷ್ ರೂಪಾಯಿಯಲ್ಲದೆ ‘ಹಾಲಿ ಸಿಕ್ಕಾ’ ಎಂಬ ಬೇರೆ ನಾಣ್ಯ. ಸೆರಗಿನ ಗಂಟಿನಲ್ಲಿದ್ದ ನಾಲ್ಕು ಕಾಸಿಗೂ ಬೆಲೆ ಬದಲಾಗುತ್ತಿತ್ತು. ಬಳಿಕ 1949ರಲ್ಲಿ ಕೊಲ್ಲಾಪುರ ಸಂಸ್ಥಾನ ಮುಂಬಯಿಯಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಬೆಳಗಾವಿ, ರಾಯಚೂರುಗಳು ಮೈಸೂರು ರಾಜ್ಯಕ್ಕೆ ಬಂದವು. 1960ರ ಮೇ 1ರಂದು ಮಹಾರಾಷ್ಟ್ರ, 2014ರಲ್ಲಿ ತೆಲಂಗಾಣ ಉದಯಿಸಿದವು. ಗಡಿಗಳು ಹೀಗೆ ಸರಿದಾಡಿದರೂ ನಡೆಯುವವರ ದಾರಿ ನಿಲ್ಲಲಿಲ್ಲ.

ತಂಡದ ಮುಂದೆ ಶೃಂಗರಿಸಿದ ಕಂಬಿಯನ್ನು ಹೆಗಲಲ್ಲಿ ಹೊತ್ತು ನಡೆಯುತ್ತಾರೆ. ಕಂಬಿ ಎಂದರೆ ಸ್ವತಃ ಮಲ್ಲಯ್ಯನೆಂದೇ ಭಾವನೆ. ಫಾಲ್ಗುಣದ ಬಿಸಿಲು ಕಠಿಣವಾದುದರಿಂದ ನಸುಕಿನಲ್ಲಿ ಹೊರಟು ಹೊತ್ತು ಏರುವಷ್ಟರಲ್ಲಿ ನೆರಳು ಹಿಡಿಯುತ್ತಾರೆ. ಸಂಜೆ ಮತ್ತೆ ನಡೆದು ಮಠದಲ್ಲೋ ಗುಡಿಯಲ್ಲೋ ಶಾಲೆಯ ಪಡಸಾಲೆಯಲ್ಲೋ ಮುಕ್ಕಾಮು ಮಾಡುತ್ತಾರೆ. ಬರಿಗಾಲಲ್ಲಿ ನಡೆಯುವವರೇ ಬಹಳ. ಹರಕೆ ಹೊತ್ತು ಮರಗಾಲು ಕಟ್ಟಿಕೊಂಡು ನಡೆಯುವವರೂ ಉಂಟು. ಹಾಸಿಗೆ, ಪಾತ್ರೆಗಳು ಹಿಂದೆ ಚಕ್ಕಡಿಯಲ್ಲಿ ಬರುತ್ತಿದ್ದವು, ಈಗ ಟೆಂಪೋ, ಟ್ರ್ಯಾಕ್ಟರುಗಳಲ್ಲಿ ಬರುತ್ತವೆ.

ದಾರಿಯ ಹಳ್ಳಿಗಳವರು ಅಗಸಿಯಲ್ಲಿ ಕಾದು ನಿಂತು ರೊಟ್ಟಿ, ಪಲ್ಯ, ಮಜ್ಜಿಗೆಗಳಿಂದ ದಾಸೋಹ ಮಾಡುತ್ತಾರೆ. ಬಿಸಿನೀರು ಕಾಯಿಸಿ ಬೊಬ್ಬೆ ಎದ್ದ ಪಾದಗಳನ್ನು ತೊಳೆದು ಎಣ್ಣೆ ತಿಕ್ಕುತ್ತಾರೆ. ಬಂದವರ ಜಾತಿ, ಊರು, ಭಾಷೆಗಳನ್ನು ಕೇಳುವುದಿಲ್ಲ. ಹೀಗೆ ಕಂಬಿ ಊರು ದಾಟುವಾಗ, ಕಳಿಸಿ ಬರಲೆಂದು ಅಗಸಿಯ ತನಕ ಹೋದವನು ಮನಸ್ಸು ತಡೆಯದೆ ಮುಂದಿನ ಮುಕ್ಕಾಮಿಗೂ, ಅದರ ಮುಂದಿನದಕ್ಕೂ ನಡೆದುಬಿಡುವುದುಂಟು. ಅಂಥವನಿಗೆ ಅನ್ನದ ಚಿಂತೆ ಇಲ್ಲ. ಸಿದ್ಧರಾಮನನ್ನು ಜತೆಗೆ ಕರೆದೊಯ್ದ ಆ ಯಾತ್ರಿಕರ ಧರ್ಮ ಇಂದಿಗೂ ಈ ದಾರಿಯಲ್ಲಿ ಉಳಿದಿದೆ.

ಆತ್ಮಕೂರಿನಾಚೆ ವೆಂಕಟಾಪುರದಿಂದ ನಲ್ಲಮಲ ಅರಣ್ಯ. ನಾಗಲೂಟಿ ವೀರಭದ್ರನಿಗೆ ಕೈ ಮುಗಿದು, ಪೆದ್ದಚೆರುವಿನ ಕೆರೆಯ ದಂಡೆಯಲ್ಲಿ ವಿಶ್ರಮಿಸಿ, ಭೀಮನಕೊಳ್ಳವನ್ನು ಇಳಿದು ಏರಿ ಕೈಲಾಸದ್ವಾರ ತಲುಪಬೇಕು. ಇಪ್ಪತ್ತು ದಿನಗಳ ದಣಿವಿನ ಮೇಲೆ ಈ ಏರು ಬಲು ಕಷ್ಟದ್ದು. ಅಲ್ಲಿ ಕೈ ಹಿಡಿದು ಮೇಲೆ ಎಳೆದವನ ಹೆಸರನ್ನೂ ಎಷ್ಟೋ ಜನ ಕೇಳಿರುವುದಿಲ್ಲ, ಅವನ ಉಪಕಾರವನ್ನು ಮಾತ್ರ ಮರೆಯುವುದಿಲ್ಲ.

ಕಾಲ ಬದಲಾಗಿದೆ. ಶ್ರೀಶೈಲ ಅಣೆಕಟ್ಟೆಯ ಹಿನ್ನೀರಿನಲ್ಲಿ ದಡದ ಅನೇಕ ಹಳ್ಳಿಗಳೂ ಸಂಗಮೇಶ್ವರವೂ ಮುಳುಗಿದವು. ನಲ್ಲಮಲ 1983ರಿಂದ ಹುಲಿ ಯೋಜನೆಗೆ ಸೇರಿದ ಅರಣ್ಯ. ಬಸ್ಸುಗಳು ಗುಡಿಯ ಹತ್ತಿರದವರೆಗೆ ಹೋಗುತ್ತವೆ. 2020ರಲ್ಲಿ ಯುಗಾದಿಯ ದಿನವಾದ ಮಾರ್ಚ್ 25ರಂದೇ ದೇಶವೆಲ್ಲ ಲಾಕ್‌ಡೌನ್ ಆಯಿತು. ಆ ವರ್ಷ ಮಗಳ ಮನೆಗೆ ಉಡುಗೊರೆ ಮುಟ್ಟಿಸುವ ಭಾಗ್ಯ ಇರಲಿಲ್ಲ. ಮುಂದೆ 2022ರಲ್ಲಿ ಶ್ರೀಶೈಲ ಪೀಠದ ಜಗದ್ಗುರು ಡಾ. ಚನ್ನಸಿದ್ಧರಾಮ ಪಂಡಿತಾರಾಧ್ಯ ಶಿವಾಚಾರ್ಯ ಭಗವತ್ಪಾದರು, ಇಚಲಕರಂಜಿಗೆ ಸಮೀಪವಾದ ಕೃಷ್ಣಾ ತೀರದ ಯಡೂರಿನಿಂದ ಶ್ರೀಶೈಲದವರೆಗೆ ಸ್ವತಃ ಪಾದಯಾತ್ರೆ ಕೈಗೊಂಡು ಭಕ್ತರಲ್ಲಿ ಉತ್ಸಾಹ ತುಂಬಿದರು.

ಇಪ್ಪತ್ತು ದಿನ ಮನೆ ಬಿಟ್ಟು ನಡೆಯುವುದು ಎಲ್ಲರಿಗೂ ಆಗುವ ಮಾತಲ್ಲ. ಇಚಲಕರಂಜಿಯ ಮಗ್ಗದ ಕೆಲಸಗಾರನಿಗೆ ಮಗ್ಗ ನಿಂತರೆ ಕೂಲಿಯೂ ನಿಂತಂತೆ. ಗಡಹಿಂಗ್ಲಜದ ರೈತನಿಗೆ ಕಬ್ಬಿಗೆ ನೀರು ಹಾಯಿಸುವ ಪಾಳಿ ತಪ್ಪಿಸುವಂತಿಲ್ಲ. ಕೆಲವರು ವೆಂಕಟಾಪುರದವರೆಗೆ ವಾಹನದಲ್ಲಿ ಹೋಗಿ ಅರಣ್ಯವನ್ನಷ್ಟೇ ನಡೆಯುತ್ತಾರೆ. ಇನ್ನು ಕೆಲವರು ಒಂದು ಮುಕ್ಕಾಮು ನಡೆದು ಕಂಬಿಗೆ ನಮಸ್ಕರಿಸಿ ಹಿಂತಿರುಗುತ್ತಾರೆ. ಇವರ ಭಕ್ತಿ ಕಡಿಮೆಯದೆಂದು ಯಾರೂ ಎಣಿಸಬಾರದು. ನಡೆದು ಹೋದವನನ್ನು ಸ್ವಾಮಿಯೇ ಊರಿಗೆ ಕಳುಹಿಸಿ ಕೆರೆ ತೋಡೆಂದನಲ್ಲವೇ? ನಡೆಯಲಾರದವರು ನಡೆಯುವವರಿಗೆ ನೀರು ಕೊಡಲಿ, ಕಾಲು ತೊಳೆಯಲಿ. ನಡೆಯುವವರು ಅರಣ್ಯದಲ್ಲಿ ಪ್ಲಾಸ್ಟಿಕ್ ಚೆಲ್ಲದೆ, ಬೆಂಕಿ ಹೊತ್ತಿಸದೆ ಮಗಳ ಮನೆಯ ಅಂಗಳವನ್ನು ಚೊಕ್ಕಟವಾಗಿ ಇಡಲಿ. ಅಗಸಿಯಲ್ಲಿ ದಾಸೋಹದ ಒಲೆ ಉರಿಯುವವರೆಗೆ ಈ ದಾರಿಗೆ ಅಳಿವಿಲ್ಲ. ಭ್ರಮರಾಂಬಾ ಸಮೇತ ಮಲ್ಲಿಕಾರ್ಜುನ ಸ್ವಾಮಿಯು ನಡೆಯುವವರನ್ನೂ, ನಡೆಯುವವರಿಗೆ ಉಣಬಡಿಸುವವರನ್ನೂ ಸಮನಾಗಿ ಹರಸಲಿ.