ದೂರದ ಸೀಮೆಯ ಪ್ರತಿನಿಧಿಗಳು

ಹೊನ್ನಾವರದಿಂದ ಶರಾವತಿಯನ್ನು ದಾಟಿ ದಕ್ಷಿಣಕ್ಕೆ ನಡೆದರೆ ಅಪ್ಸರಕೊಂಡವೆಂಬ ಗುಡ್ಡವು ಕಡಲಿಗೆ ಮೊಗವಿಟ್ಟು ನಿಂತಿರುವುದು ಕಾಣುವುದು. ಅದರ ಮಗ್ಗುಲಲ್ಲಿ ಸಣ್ಣದೊಂದು ಜಲಪಾತವು ಧುಮುಕುವುದು. ಈ ಸೀಮೆಯ ಗೇಣಿದಾರನಾಗಲಿ ಮೀನುಗಾರನಾಗಲಿ ತನ್ನ ಅಹವಾಲನ್ನು ಯಾವ ರಾಜಧಾನಿಗೆ ಮುಟ್ಟಿಸಬೇಕು? ಇನ್ನೂರು ಚಿಲ್ಲರೆ ವರ್ಷಗಳಲ್ಲಿ ಈ ಪ್ರಶ್ನೆಗೆ ಮೂರು ಬೇರೆ ಬೇರೆ ಉತ್ತರಗಳು ಬಂದಿವೆ.

1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಕನ್ನಡ ಜಿಲ್ಲೆಯು ಕಂಪನಿಯ ಮದರಾಸು ಸರಕಾರಕ್ಕೆ ಸೇರಿತು. 1862ರಲ್ಲಿ ಅದರ ಉತ್ತರ ಭಾಗವನ್ನು ಮುಂಬಯಿ ಇಲಾಖೆಗೆ ಕೊಟ್ಟರು. ಕುಂದಾಪುರವು ಮದರಾಸಿನಲ್ಲಿಯೇ ಉಳಿಯಿತು. 1956ರ ನವೆಂಬರ 1ರಂದು ಜಿಲ್ಲೆಯು ಮೈಸೂರು ರಾಜ್ಯಕ್ಕೆ ಬಂದಿತು. ಮುಂಬಯಿಗೆ ಅದು ತೆಂಕಣ ತುದಿ, ಬೆಂಗಳೂರಿಗೆ ಬಡಗಣ ಕರಾವಳಿ. ಯಾವ ರಾಜ್ಯದಲ್ಲಿದ್ದರೂ ಅಂಚೇ ಅದರ ಪಾಲಿಗೆ ಬಂದಿತು.

ಆಂಗ್ಲರ ಕಾಲದ ಶಾಸನಸಭೆಗಳಲ್ಲಿ ಮತದ ಹಕ್ಕು ಆಸ್ತಿ, ಕಂದಾಯ, ವಿದ್ಯೆಗಳನ್ನು ಅವಲಂಬಿಸಿದ್ದಿತು. ಆದುದರಿಂದ ದೊಡ್ಡದೊಂದು ಜನಸಮೂಹವು ಮತಪೆಟ್ಟಿಗೆಯಿಂದ ಹೊರಗೇ ನಿಂತಿತು. ಎಲ್ಲ ವಯಸ್ಕರಿಗೂ ಮತವು ದೊರೆತ ಮೊದಲ ಮಹಾಚುನಾವಣೆಯಲ್ಲಿ, ಎಂದರೆ 1952ರಲ್ಲಿ, ಈ ಕ್ಷೇತ್ರದಿಂದ ಲೋಕಸಭೆಗೆ ಆರಿಸಿ ಹೋದವರು ಜೋಕಿಂ ಆಳ್ವರು. ಅವರು ದಕ್ಷಿಣ ಕನ್ನಡದವರು. ಮುಂಬಯಿಯಲ್ಲಿ ಪತ್ರಿಕೆ ನಡೆಸಿದವರು, ಸ್ವಾತಂತ್ರ್ಯಕ್ಕಾಗಿ ಸೆರೆಮನೆಯನ್ನು ಕಂಡವರು. 1957 ಮತ್ತು 1962ರಲ್ಲಿಯೂ ಜನರು ಅವರನ್ನೇ ಕಳುಹಿಸಿದರು. ನಡುವೆ ರಾಜ್ಯವೇ ಬದಲಾದರೂ ಪ್ರತಿನಿಧಿಯು ಬದಲಾಗಲಿಲ್ಲವೆಂಬುದು ಸ್ವಾರಸ್ಯಕರವಾದ ಸಂಗತಿ.

1967ರ ಚುನಾವಣೆಯು ಮಾತ್ರ ವಿಶೇಷ ಗಮನಕ್ಕೆ ಪಾತ್ರವಾದುದು. ಆ ವರ್ಷ ಪಕ್ಷೇತರರಾಗಿ ಗೆದ್ದವರು ಅಂಕೋಲೆಯ ಕಡೆಯ ದಿನಕರ ದೇಸಾಯಿಯವರು. ಇವರನ್ನು ವಾಚಕರು ಚುಟುಕಗಳ ಕವಿಯೆಂದು ಬಲ್ಲರು. ಆದರೆ ಭಾರತ ಸೇವಕ ಸಮಾಜದ ಈ ಸದಸ್ಯರು ಗೇಣಿಯ ಭಾರದಿಂದ ಬಳಲಿದ ರೈತರನ್ನು ಸಂಘಟಿಸಿದುದಕ್ಕಾಗಿ 1940ರಿಂದ ಐದು ವರ್ಷ ತಮ್ಮ ಜಿಲ್ಲೆಯಿಂದಲೇ ಗಡಿಪಾರಾಗಿದ್ದರು. 1953ರಲ್ಲಿ ಅವರು ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ ಹಳ್ಳಿಯ ಮಕ್ಕಳಿಗೆ ಪ್ರೌಢಶಾಲೆಗಳನ್ನು ತೆರೆದರು. ಸರಕಾರವು ಯಾರಿಗೆ ಜಿಲ್ಲೆಯ ಗಡಿಯನ್ನು ಮುಚ್ಚಿತ್ತೋ ಅವರನ್ನೇ ಅಲ್ಲಿಯ ಜನರು ದಿಲ್ಲಿಗೆ ಕಳುಹಿಸಿದರು. ಪಕ್ಷದ ಬೆಂಬಲವಿಲ್ಲದ ಒಬ್ಬ ಸದಸ್ಯನ ಮಾತಿಗೆ ಆ ದೊಡ್ಡ ಸಭೆಯಲ್ಲಿ ಎಷ್ಟು ತೂಕವಿದ್ದೀತು! ಉಳುವವನಿಗೆ ಭೂಮಿಯನ್ನು ಕೊಟ್ಟ ತಿದ್ದುಪಡಿಯು ಕೊನೆಗೆ ಬಂದುದು 1974ರಲ್ಲಿ, ಅದೂ ಬೆಂಗಳೂರಿನಿಂದ.

ಆ ಬೆಂಗಳೂರಿನಲ್ಲಿ ಇದೇ ಜಿಲ್ಲೆಯ ಸಿದ್ದಾಪುರ ಸೀಮೆಯ ರಾಮಕೃಷ್ಣ ಹೆಗಡೆಯವರು 1983ರಲ್ಲಿ ಮುಖ್ಯಮಂತ್ರಿಗಳಾದರು. ಆದರೆ ವಿಧಾನಸಭೆಗೆ ಅವರು ಆಗ ಆರಿಸಿಬಂದುದು ಕನಕಪುರದಿಂದ, 1985ರಲ್ಲಿ ಬಸವನಗುಡಿಯಿಂದ. ತವರಿಗೆ ಹೆಮ್ಮೆಯು ದಕ್ಕಿತು, ಪ್ರಾತಿನಿಧ್ಯವು ಬೇರೆ ಊರಿಗೆ ಹೋಯಿತು.

ಅನಂತರದ ಕಥೆ ವಾಚಕರಿಗೆ ತಿಳಿದಿರುವುದೇ. 1999ರಲ್ಲಿ ಆಳ್ವರ ಸೊಸೆ ಮಾರ್ಗರೆಟ್ ಆಳ್ವರು ಗೆದ್ದರು. 1996ರಿಂದ 2019ರ ವರೆಗೆ ಅನಂತಕುಮಾರ ಹೆಗಡೆಯವರು ಆರು ಸಲ ಗೆದ್ದರು. 2024ರಲ್ಲಿ ವಿಶ್ವೇಶ್ವರ ಹೆಗಡೆ ಕಾಗೇರಿಯವರು ಬಂದರು.

2008ರ ಕ್ಷೇತ್ರವಿಂಗಡಣೆಯಲ್ಲಿ ಕೆನರಾ ಎಂಬ ಹೆಸರು ಹೋಗಿ ಉತ್ತರ ಕನ್ನಡವೆಂಬುದು ನಿಂತಿತು. ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರುಗಳೂ ಈ ಕ್ಷೇತ್ರದೊಳಗಿವೆ. ಹೀಗೆ ಅಪ್ಸರಕೊಂಡದ ಕೆಳಗೆ ಬಲೆ ಬೀಸುವವನಿಗೂ ಘಟ್ಟದಾಚೆ ಕಿತ್ತೂರಿನಲ್ಲಿ ನೇಗಿಲು ಹೂಡುವವನಿಗೂ ದಿಲ್ಲಿಯಲ್ಲಿ ಒಬ್ಬನೇ ಸದಸ್ಯ. ವಿಧಾನಸಭೆಯಲ್ಲಿಯಾದರೋ ಹೊನ್ನಾವರದ ಹೆಸರಿನ ಕ್ಷೇತ್ರವೇ ಇಲ್ಲ. ತಾಲೂಕಿನ ಒಂದು ಪಾಲು ಕುಮಟೆಗೆ, ಇನ್ನೊಂದು ಭಟ್ಕಳಕ್ಕೆ ಮತ ಹಾಕುತ್ತದೆ.