ಫ್ಯಾಂಟಸಿ ನಾಯಕನಲ್ಲಿ ಒಳಿತು–ಕೆಡುಕು

ಕೆಡುಕನ್ನು ಹೊರಗಿನ ಶತ್ರುವಿನಲ್ಲಷ್ಟೇ ಅಲ್ಲದೆ ನಾಯಕನೊಳಗೂ ಕಾಣುವ ಕಥಾಪರಂಪರೆ. ಇದನ್ನು 1960ರ ದಶಕದ ಬೆಳೆ ಎಂದು ಹೇಳುವುದುಂಟು. ಅದರ ಬೇರು ಇನ್ನೂ ಹಿಂದಿನದು.

ಎಲಿಯಾಸ್ ಲೋನ್‌ರೋಟ್ ಸಂಕಲಿಸಿದ ಫಿನ್ನಿಶ್ ಮಹಾಕಾವ್ಯ ‘ಕಾಲೆವಾಲಾ’ದಲ್ಲಿ (1835, ವಿಸ್ತೃತ ರೂಪ 1849) ಕುಲ್ಲೆರ್ವೊ ಎಂಬ ತರುಣನಿದ್ದಾನೆ. ಗುಲಾಮನಾಗಿ ಬೆಳೆದ ಈತ ಅರಿಯದೆ ತಂಗಿಯನ್ನು ಕೂಡುತ್ತಾನೆ, ಸೇಡು ತೀರಿಸಿಕೊಂಡು ಕೊನೆಗೆ ತನ್ನ ಕತ್ತಿಗೇ ಬಲಿಯಾಗುತ್ತಾನೆ. ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಜೆ.ಆರ್.ಆರ್. ಟೋಲ್ಕಿನ್ 1914ರಲ್ಲಿ ಈ ಕಥೆಯನ್ನು ತನ್ನದೇ ರೀತಿಯಲ್ಲಿ ಬರೆಯತೊಡಗಿ ಅರ್ಧಕ್ಕೆ ಬಿಟ್ಟ. ವರ್ಲಿನ್ ಫ್ಲೀಗರ್ ಸಂಪಾದಿಸಿದ ಆ ಹಸ್ತಪ್ರತಿ 2010ರಲ್ಲಿ ಅಚ್ಚಾಯಿತು, 2015ರಲ್ಲಿ ಪುಸ್ತಕವಾಯಿತು. ಗೆಳೆಯನನ್ನು ಗುರುತಿಸದೆ ಕೊಂದ, ತಂಗಿಯನ್ನು ಅರಿಯದೆ ಮದುವೆಯಾದ ಟೋಲ್ಕಿನ್‌ನ ಟೂರಿನ್ ಕುಲ್ಲೆರ್ವೊವಿನಿಂದಲೇ ಹುಟ್ಟಿದವನು.

‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನ (1954–55) ಫ್ರೋಡೊ ಕುರಿತ ವಿವಾದ ಬೇರೆಯದು. ಕೆಡುಕಿನ ಶಕ್ತಿಯುಳ್ಳ ಉಂಗುರವನ್ನು ನಾಶಮಾಡಬೇಕಾದ ಗಳಿಗೆಯಲ್ಲಿ ಅವನು ಅದನ್ನು ತನ್ನದೆನ್ನುತ್ತಾನೆ. ಅದನ್ನು ಕಸಿದುಕೊಂಡ ಗೊಲ್ಲಮ್ ಎಂಬಾತ ಬೆಂಕಿಗೆ ಬಿದ್ದುದರಿಂದಷ್ಟೇ ಕಾರ್ಯ ಕೈಗೂಡುತ್ತದೆ. ಇದು ನಾಯಕನ ಪತನವೆಂದು ಓದುಗರು ಆಕ್ಷೇಪಿಸಿದಾಗ, ಫ್ರೋಡೊ ಸೋತದ್ದು ನಿಜ, ಆದರೆ ಅದು ನೈತಿಕ ಸೋಲಲ್ಲ ಎಂದು ಟೋಲ್ಕಿನ್ ಪತ್ರಗಳಲ್ಲಿ ವಾದಿಸಿದ.

ಮೈಕೆಲ್ ಮೂರ್‌ಕಾಕ್‌ನ ಎಲ್ರಿಕ್ 1961ರಲ್ಲಿ ‘ಸೈನ್ಸ್ ಫ್ಯಾಂಟಸಿ’ ಪತ್ರಿಕೆಯಲ್ಲಿ ಕಾಣಿಸಿಕೊಂಡ. ಈ ನಿಶ್ಶಕ್ತ ದೊರೆಗೆ ಬಲ ಕೊಡುವ ಕತ್ತಿ ಆತ್ಮಗಳನ್ನು ಹೀರುತ್ತದೆ, ಅವನು ಪ್ರೀತಿಸಿದವಳನ್ನೂ ಬಿಡುವುದಿಲ್ಲ. ಎಲ್ರಿಕ್‌ನ ಸಾವನ್ನು ಹೇಳುವ ಕಾದಂಬರಿ 1965ರದು, ಆರಂಭವನ್ನು ಹೇಳುವುದು 1972ರದು. ಹಾಗಾಗಿ ಕಥೆಯ ಕ್ರಮವನ್ನೇ ರಚನೆಯ ಕ್ರಮವೆಂದು ಎಣಿಸಿದರೆ ಪಾತ್ರದ ಬೆಳವಣಿಗೆ ತಲೆಕೆಳಗಾಗುತ್ತದೆ.

ಅರ್ಸುಲಾ ಲೆ ಗ್ವಿನ್‌ಳ ‘ಎ ವಿಜರ್ಡ್ ಆಫ್ ಅರ್ತ್‌ಸೀ’ಯಲ್ಲಿ (1968) ಗೆಡ್ ಎಂಬ ಹುಡುಗ ಜಂಬದಿಂದ ಮಾಡಿದ ಮಂತ್ರಕ್ಕೆ ಒಂದು ನೆರಳು ಹೊರಬರುತ್ತದೆ. ಓಡಿ ಓಡಿ ದಣಿದ ಗೆಡ್ ಕೊನೆಗೆ ತಾನೇ ಅದನ್ನು ಬೆನ್ನಟ್ಟಿ, ತನ್ನ ಹೆಸರಿನಿಂದಲೇ ಅದನ್ನು ಕರೆದು ಅಪ್ಪುತ್ತಾನೆ. ಇದು ಯೂಂಗ್‌ನ ಮನಶ್ಶಾಸ್ತ್ರದಿಂದ ಬಂದುದೆಂದು ಹಲವರು ಬರೆದಿದ್ದಾರೆ. ಆದರೆ ಲೆ ಗ್ವಿನ್ ತಾನು ಯೂಂಗ್‌ನನ್ನು ಓದಿದ್ದು ಆಮೇಲೆ ಎಂದು ಸ್ಪಷ್ಟಪಡಿಸಿದ್ದಾಳೆ. ಆಕೆಗೆ ಮೊದಲಿನಿಂದ ಹತ್ತಿರವಾಗಿದ್ದುದು ಚೀನಾದ ತಾವೊ ಚಿಂತನೆ.

ಮುಂದೆ ಸ್ಟೀಫನ್ ಡೊನಾಲ್ಡ್‌ಸನ್‌ನ ಥಾಮಸ್ ಕವನಂಟ್ (1977), ಜಾರ್ಜ್ ಮಾರ್ಟಿನ್‌ನ ಜೇಮಿ ಲ್ಯಾನಿಸ್ಟರ್ (1996) ಇದೇ ಹಾದಿಯಲ್ಲಿ ಬಂದವರು. 1914ರ ಹಸ್ತಪ್ರತಿಯನ್ನು ಗಣನೆಗೆ ತಂದರೆ ಎಲ್ರಿಕ್, ಗೆಡ್ ಈ ಪರಂಪರೆಯನ್ನು ಬೆಳೆಸಿದವರು, ಆರಂಭಿಸಿದವರಲ್ಲ.