ಇಂಗ್ಲಿಷ್ ಹೊಸಬರ ಓದು ಮತ್ತು ಪದಕಲಿಕೆಯ ಆ್ಯಪ್

ಹೊಸಬರಿಗೆ ಇಂಗ್ಲಿಷ್ ಓದು ಕಲಿಸುವ ಆ್ಯಪ್‌ನ ಬೆಲೆ ಅದು ಎಷ್ಟು ಪದ ಕಲಿಸುತ್ತದೆ ಎಂಬುದರಲ್ಲಿಲ್ಲ, ಯಾವ ಪದಗಳನ್ನು ಮೊದಲು ಆರಿಸುತ್ತದೆ ಎಂಬುದರಲ್ಲಿದೆ. ಢಾಕಾದಲ್ಲಿ ಬಂಗಾಳಿ ಮಕ್ಕಳ ಇಂಗ್ಲಿಷ್ ಓದಿಗಾಗಿ ದುಡಿದ ಮೈಕೇಲ್ ವೆಸ್ಟ್ 1953ರಲ್ಲಿ ಸುಮಾರು 2000 ಮೂಲಪದಗಳ ಪಟ್ಟಿ ಪ್ರಕಟಿಸಿದರು. ಸಾಮಾನ್ಯ ಬರಹದ ಬಹುಪಾಲು ಅದರೊಳಗೇ ಸಿಗುತ್ತದೆ. ಕಥೆಯೊಂದು ನೆರವಿಲ್ಲದೆ ಅರ್ಥವಾಗಲು ಹೆಚ್ಚಿನ ಓದುಗರಿಗೆ ಅದರ ಸುಮಾರು 98% ಪದಗಳು ಗೊತ್ತಿರಬೇಕೆಂದು ಭಾಷಾ ಸಂಶೋಧಕರಾದ ಹು ಮತ್ತು ಪಾಲ್ ನೇಷನ್ 2000ದ ಅಧ್ಯಯನದಲ್ಲಿ ಅಂದಾಜಿಸಿದರು. ಅಂದರೆ ಐವತ್ತಕ್ಕೆ ಒಂದೇ ಹೊಸ ಪದ. ಹೀಗೆ ಅಳೆದು ಬರೆದ ಪಠ್ಯ ಕೃತಕವೆಂಬ ಆಕ್ಷೇಪವಿದೆ. ಕಳಪೆ ಬರವಣಿಗೆಯ ಮಟ್ಟಿಗೆ ಅದು ನಿಜ. ಆದರೆ ಸಾಲುಸಾಲಿಗೂ ನಿಘಂಟು ತೆರೆಸುವ ಸಹಜ ಪಠ್ಯ ಹೊಸಬರ ಓದನ್ನೇ ನಿಲ್ಲಿಸುತ್ತದೆ. ಆ್ಯಪ್‌ನಲ್ಲಿ ಮುಟ್ಟಿದ ಪದಕ್ಕೆ ಉಚ್ಚಾರಣೆ ಮತ್ತು ಮನೆಮಾತಿನ ಅರ್ಥ ಸಿಗಬೇಕು, ಅದೇ ಪದ ಅಂತರ ಬಿಟ್ಟು ಮುಂದಿನ ಕಥೆಗಳಲ್ಲಿ ಮರಳಬೇಕು. ಬಿಡಿಪದಗಳ ರಸಪ್ರಶ್ನೆಯಷ್ಟನ್ನೇ ನೆಚ್ಚಿದ ಆ್ಯಪ್ ಓದುಗರನ್ನು ರೂಪಿಸಲಾರದು.